ಉಪಸಂಹಾರವಿಲ್ಲದ ಅಸ್ತ್ರ

ಬಂದೂಕಿನ ವಿಚಾರವಾಗಿ ಮಾತನಾಡಲು ಹೊರಟ ಕನ್ನಡ ಮೇಷ್ಟರನ್ನು ಕಂಡು ತಾವು ನಗಬಹುದು. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಪಂಪನನ್ನೂ ಕುಮಾರವ್ಯಾಸನನ್ನೂ ಪಾಠ ಹೇಳಿದವನು ನಾನು. ಕಾವ್ಯದ ಬಿಲ್ಲುಬಾಣಗಳ ಪರಿಚಯ ನನಗುಂಟೇ ಹೊರತು, ನಿಜವಾದ ಬಂದೂಕನ್ನು ಒಮ್ಮೆಯೂ ಕೈಯಲ್ಲಿ ಹಿಡಿದವನಲ್ಲ. ಆದರೂ ಈ ವಿಷಯವನ್ನು ಆರಿಸಿಕೊಂಡುದಕ್ಕೆ ಕಾರಣವಿದೆ. ಜಗತ್ತಿನಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಹರಡಿರುವ ಬಂದೂಕನ್ನು ರೂಪಿಸಿದಾತ ಎಳೆಯ ವಯಸ್ಸಿನಲ್ಲಿ ಕವಿಯಾಗಬೇಕೆಂದು ಹಂಬಲಿಸಿದವನು. ಬಾಳಿನ ಕೊನೆಯಲ್ಲಿ ಆತನನ್ನು ಕಾಡಿದ ಪ್ರಶ್ನೆಯಾದರೋ ಯಂತ್ರಶಾಸ್ತ್ರದ್ದಲ್ಲ, ಧರ್ಮದ್ದು.

ಆತನ ಹೆಸರು ಮಿಖಾಯಿಲ್ ತಿಮೋಫೆಯೆವಿಚ್ ಕಲಾಶ್ನಿಕೋವ್. ಹುಟ್ಟಿದ್ದು 1919ರ ನವೆಂಬರ್ 10ರಂದು, ಸೈಬೀರಿಯದ ಅಲ್ತಾಯ್ ಸೀಮೆಯ ಕುರ್ಯಾ ಎಂಬ ಹಳ್ಳಿಯಲ್ಲಿ. ಹತ್ತೊಂಬತ್ತು ಮಕ್ಕಳ ರೈತ ಸಂಸಾರದಲ್ಲಿ ಹದಿನೇಳನೆಯವನು. ಆ ಮಕ್ಕಳಲ್ಲಿ ಹಲವರು ಎಳವೆಯಲ್ಲೇ ತೀರಿಕೊಂಡರು. 1930ರಲ್ಲಿ ಸ್ಟಾಲಿನ್ ಸರ್ಕಾರ ಸ್ಥಿತಿವಂತ ರೈತರನ್ನು ‘ಕುಲಾಕ್’ಗಳೆಂದು, ಅಂದರೆ ಜನತೆಯ ವೈರಿಗಳೆಂದು ಕರೆದು ನೆಲೆ ತಪ್ಪಿಸಿತಷ್ಟೆ. ಕಲಾಶ್ನಿಕೋವರ ಕುಟುಂಬವೂ ಹೊಲಮನೆ ಕಳೆದುಕೊಂಡು ತೋಮ್ಸ್ಕ್ ಪ್ರಾಂತದ ಕಾಡಿಗೆ ಗಡೀಪಾರಾಯಿತು. ಮೊದಲ ಚಳಿಗಾಲದಲ್ಲೇ ತಂದೆ ತೀರಿಕೊಂಡ. ಆಗ ಹುಡುಗನಿಗೆ ಹನ್ನೊಂದರ ಪ್ರಾಯ. ತಾನು ಕುಲಾಕನ ಮಗನೆಂಬ ಸಂಗತಿಯನ್ನು ಆತ ದಶಕಗಳ ಕಾಲ ಬಾಯಿಬಿಡದೆ ಬಚ್ಚಿಟ್ಟುಕೊಳ್ಳಬೇಕಾಯಿತು. ತಂದೆಯನ್ನು ವೈರಿಯೆಂದು ಅಟ್ಟಿದ ರಾಜ್ಯವೇ ಮಗನ ಎದೆಯ ಮೇಲೆ ಪದಕಗಳನ್ನು ತೂಗುಹಾಕಿದ್ದು ಇತಿಹಾಸದ ಒಂದು ವಿಡಂಬನೆ.

1938ರಲ್ಲಿ ಸೈನ್ಯಕ್ಕೆ ಸೇರಿ ಟ್ಯಾಂಕು ನಡೆಸುವುದನ್ನು ಕಲಿತ ಈ ತರುಣ 1941ರ ಅಕ್ಟೋಬರಿನಲ್ಲಿ, ಬ್ರ್ಯಾನ್ಸ್ಕ್ ಬಳಿಯ ಕಾಳಗದಲ್ಲಿ, ಭುಜಕ್ಕೆ ಗಾಯವಾಗಿ ಆಸ್ಪತ್ರೆ ಸೇರಿದ. ಅಕ್ಕಪಕ್ಕದ ಹಾಸಿಗೆಗಳ ಗಾಯಾಳುಗಳದು ಒಂದೇ ಅಳಲು: ಜರ್ಮನರ ಕೈಯಲ್ಲಿ ಮಳೆಗರೆಯುವ ಬಂದೂಕುಗಳಿವೆ; ನಮ್ಮಲ್ಲಿ ಇಬ್ಬರು ಮೂವರಿಗೆ ಒಂದು ಬಂದೂಕು, ಅದೂ ಒಂದೊಂದೇ ಗುಂಡು ಹಾರಿಸುವಂಥದು. ಆ ಅಳಲು ಕಲಾಶ್ನಿಕೋವನ ನಿದ್ದೆಗೆಡಿಸಿತು. ಮಲಗಿದಲ್ಲೇ ಚಿತ್ರಗಳನ್ನು ಬರೆಯತೊಡಗಿದ. ಆತ ಮಾಡಿದ ಮೊದಲ ಬಂದೂಕು ತಿರಸ್ಕೃತವಾಯಿತು, ಎರಡನೆಯದೂ ಸ್ಪರ್ಧೆಯಲ್ಲಿ ಸೋತಿತು. ಆದರೆ ಮಾಡಿದವನ ಕೈಚಳಕ ಮೇಲಿನವರ ಕಣ್ಣಿಗೆ ಬಿದ್ದಿತ್ತು. 1947ರಲ್ಲಿ ರೂಪುಗೊಂಡ ಬಂದೂಕನ್ನು ಸೋವಿಯೆತ್ ಸೇನೆ 1949ರಲ್ಲಿ ಸ್ವೀಕರಿಸಿತು. ‘ಅವ್ತೊಮಾತ್ ಕಲಾಶ್ನಿಕೋವಾ’, ಕಲಾಶ್ನಿಕೋವನ ಸ್ವಯಂಚಾಲಿತ ಬಂದೂಕು ಎಂಬ ಹೆಸರಿನ ಮೊದಲಕ್ಷರಗಳಿಗೆ ಹುಟ್ಟಿದ ವರ್ಷವನ್ನು ಸೇರಿಸಿ ಲೋಕ ಅದನ್ನು ಎ.ಕೆ. 47 ಎಂದು ಕರೆಯಿತು.

ಅದು ಕೆಲಸ ಮಾಡುವ ಬಗೆ ಕಷ್ಟದ್ದೇನಲ್ಲ. ಕುದುರೆಯನ್ನು ಎಳೆದೊಡನೆ ತೋಟಾದೊಳಗಿನ ಮದ್ದು ಉರಿದು, ಅದರ ಅನಿಲ ಗುಂಡನ್ನು ನಳಿಗೆಯಲ್ಲಿ ಮುಂದಕ್ಕೆ ನೂಕುತ್ತದೆ. ಗುಂಡು ನಳಿಗೆಯ ಬಾಯನ್ನು ತಲುಪುವ ಮುನ್ನವೇ ಅನಿಲದಲ್ಲಿ ಸ್ವಲ್ಪ ಭಾಗ ಮೇಲಿನ ರಂಧ್ರವೊಂದರಿಂದ ಬೇರೊಂದು ಕೊಳವೆಗೆ ನುಗ್ಗಿ ಅಲ್ಲಿರುವ ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತದೆ. ಪಿಸ್ಟನ್ನು ಸರಿದಾಗ, ನಳಿಗೆಯ ಹಿಂಬದಿಯನ್ನು ಬಾಗಿಲಿನ ಅಗಳಿಯಂತೆ ಭದ್ರಪಡಿಸಿದ್ದ ತುಂಡು ಹೊರಳಿ ಬಿಚ್ಚಿಕೊಳ್ಳುತ್ತದೆ. ಖಾಲಿ ತೋಟಾ ಹೊರಕ್ಕೆ ಚಿಮ್ಮುತ್ತದೆ. ಹಿಂದಿನ ಸುರುಳಿ ಎಲ್ಲವನ್ನೂ ಮತ್ತೆ ಮುಂದಕ್ಕೆ ದಬ್ಬಿದಾಗ ಹೊಸ ತೋಟಾ ಬಂದು ಕೂಡುತ್ತದೆ, ಅಗಳಿ ಬೀಳುತ್ತದೆ. ನಿಮಿಷಕ್ಕೆ ಸುಮಾರು 600 ಗುಂಡುಗಳ ವೇಗ ಇದರದು. ಕೆಳಗಿನ ಬಾಗಿದ ಪೆಟ್ಟಿಗೆಯಲ್ಲಿರುವುದು 30 ತೋಟಾಗಳು.

ಈ ತತ್ತ್ವವನ್ನು ಕಲಾಶ್ನಿಕೋವನೇ ಕಂಡುಹಿಡಿದನೆಂದಲ್ಲ. 1944ರ ಜರ್ಮನ್ ಬಂದೂಕೊಂದರ ಹೊರಲಕ್ಷಣಗಳು ಇದರಲ್ಲಿ ಎದ್ದು ಕಾಣುತ್ತವೆ. ಯುದ್ಧಾನಂತರ ಆ ಬಂದೂಕಿನ ಶಿಲ್ಪಿ ಹ್ಯೂಗೊ ಶ್ಮೈಸರನನ್ನು ರಷ್ಯನ್ನರು ತಮ್ಮ ಇಝೆವ್ಸ್ಕ್ ನಗರಕ್ಕೆ ಕರೆದೊಯ್ದದ್ದೂ ನಿಜ. ಇದರಿಂದ ವಾದಗಳು ಹುಟ್ಟಿವೆ. ಆದರೆ ಒಳಗಿನ ಅಗಳಿಯ ವ್ಯವಸ್ಥೆ ಎರಡರಲ್ಲೂ ಬೇರೆಬೇರೆ. ಅಲೆಕ್ಸಾಂದರ್ ಜೈತ್ಸೆವನಂಥ ಸಹೋದ್ಯೋಗಿಗಳ ಬುದ್ಧಿಯೂ ಇದರಲ್ಲಿ ಬೆರೆತಿದೆ. ಹಳೆಯ ವಸ್ತುವನ್ನೇ ತೆಗೆದುಕೊಂಡು ಹೊಸ ಕಾವ್ಯ ಕಟ್ಟುವುದನ್ನು ಬಲ್ಲ ನಮಗೆ ಇದು ಅಚ್ಚರಿಯಾಗಬೇಕಾಗಿಲ್ಲ.

ಕಲಾಶ್ನಿಕೋವನ ಸ್ವಂತಿಕೆ ಇದ್ದದ್ದು ಸರಳತೆಯಲ್ಲಿ. ಬಿಗಿಯಾಗಿ ಕೂಡಿಸಿದ ಯಂತ್ರದಲ್ಲಿ ಮರಳಿನ ಕಣವೊಂದು ಸೇರಿದರೂ ಕೆಲಸ ನಿಲ್ಲುತ್ತದೆ. ಈತ ಚಲಿಸುವ ಭಾಗಗಳ ನಡುವೆ ಬೇಕೆಂದೇ ತೆರಪು ಬಿಟ್ಟ. ಎತ್ತಿನ ಗಾಡಿಯ ಅಚ್ಚಿಗೂ ಗಾಲಿಗೂ ನಡುವೆ ಕೊಂಚ ಸಡಿಲವಿರುವುದರಿಂದಲ್ಲವೆ ಅದು ಕೆಸರಿನಲ್ಲೂ ಉರುಳುವುದು? ಇದೂ ಹಾಗೆಯೇ. ಸೇನೆಯಲ್ಲಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ರಜೆಯಲ್ಲಿ ಮನೆಗೆ ಬಂದಿದ್ದಾಗ, “ಸಾರ್, ಕಣ್ಣಿಗೆ ಬಟ್ಟೆ ಕಟ್ಟಿದರೂ ಬಿಚ್ಚಿ ಜೋಡಿಸಬಲ್ಲೆ. ನಿಮ್ಮ ಹಳಗನ್ನಡ ವ್ಯಾಕರಣಕ್ಕಿಂತ ಸುಲಭ” ಎಂದು ನಕ್ಕಿದ್ದ. ಆಗ ನಾನೂ ನಕ್ಕೆ. ಆಮೇಲೆ ಯೋಚಿಸಿದಾಗ ಆ ಸುಲಭತೆಯೇ ನನ್ನನ್ನು ಹೆದರಿಸಿತು.

ಏಕೆಂದರೆ, ದಣಿದ, ಹೆಚ್ಚು ಓದಿಲ್ಲದ ಸಾಮಾನ್ಯ ಸೈನಿಕನಿಗೆ ಸುಲಭವಾದದ್ದು ಹತ್ತು ವರ್ಷದ ಬಾಲಕನಿಗೂ ಸುಲಭವೇ. ಸೋವಿಯೆತ್ ಒಕ್ಕೂಟ ಈ ಬಂದೂಕನ್ನೂ ಅದರ ತಯಾರಿಕೆಯ ವಿದ್ಯೆಯನ್ನೂ ಮಿತ್ರರಾಷ್ಟ್ರಗಳಿಗೆ ಧಾರಾಳವಾಗಿ ಹಂಚಿತು. ವಿಯೆಟ್ನಾಮಿನ ಕಾಡುಗಳಲ್ಲಿ ಅದು ಹೋರಾಟಗಾರನ ಸಂಗಾತಿಯಾಯಿತು. ಮೊಜಾಂಬಿಕ್ ದೇಶದ ಧ್ವಜದಲ್ಲಿ ನೇಗಿಲಗುದ್ದಲಿ ಮತ್ತು ಪುಸ್ತಕದ ಜೊತೆಗೆ ಅದರ ಚಿತ್ರವಿದೆ. ಆಫ್ರಿಕದ ಅಂತರ್ಯುದ್ಧಗಳಲ್ಲಿ ಅದೇ ಬಂದೂಕು ಎಳೆಯ ಮಕ್ಕಳ ಹೆಗಲೇರಿತು. ಅದರ ಎಲ್ಲ ರೂಪಗಳೂ ಸೇರಿ ಸುಮಾರು ಹತ್ತು ಕೋಟಿಯೆಂಬ ಅಂದಾಜುಂಟು. ನಮ್ಮ ದೇಶದಲ್ಲೂ, ಉತ್ತರ ಪ್ರದೇಶದ ಕೊರ್ವಾದಲ್ಲಿ, ಇದೇ ವಂಶದ ಎ.ಕೆ. 203ರ ತಯಾರಿಕೆ 2023ರಲ್ಲಿ ಮೊದಲಾಯಿತು. ಗಡಿ ಕಾಯುವವನ ಕೈಯಲ್ಲಿ ಅದು ರಕ್ಷೆ. ಆದರೆ 2005ರ ಡಿಸೆಂಬರ್ 28ರಂದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ವಿದ್ವತ್ಸಭೆ ಮುಗಿಸಿ ಹೊರಬರುತ್ತಿದ್ದ ನಿವೃತ್ತ ಪ್ರಾಧ್ಯಾಪಕರೊಬ್ಬರನ್ನು ಬಲಿ ತೆಗೆದುಕೊಂಡ ದಾಳಿಯಲ್ಲಿಯೂ ಇದೇ ಕುಲದ ಬಂದೂಕಿತ್ತು. ನಾನೂ ಅದೇ ವೃತ್ತಿಯವನಾದ್ದರಿಂದಲೋ ಏನೋ, ಆ ಸುದ್ದಿ ಇಂದಿಗೂ ನನ್ನ ಮನಸ್ಸಿನಿಂದ ಮಾಸಿಲ್ಲ.

ಕಲಾಶ್ನಿಕೋವನಿಗೆ ಇದರಿಂದ ಸಿರಿ ಬರಲಿಲ್ಲ. ಅಮೆರಿಕದ ಎಂ. 16 ಬಂದೂಕಿನ ಶಿಲ್ಪಿ ಯೂಜೀನ್ ಸ್ಟೋನರನನ್ನು ಆತ 1990ರಲ್ಲಿ ಭೇಟಿಯಾದ. ಸ್ಟೋನರನಿಗೆ ತನ್ನ ಬಂದೂಕಿನ ಮಾರಾಟದಿಂದ ಗೌರವಧನ ಸಲ್ಲುತ್ತಿತ್ತು, ಈತನಿಗೆ ಸಲ್ಲುತ್ತಿದ್ದುದು ಬಿರುದುಗಳು ಮಾತ್ರ. ಅದಕ್ಕಾಗಿ ಆತ ಹಲುಬಲಿಲ್ಲ. ತಾಯ್ನಾಡಿನ ರಕ್ಷಣೆಗಾಗಿ ಮಾಡಿದೆ, ತಪ್ಪು ರಾಜಕಾರಣಿಗಳದು, ನನಗೆ ನಿದ್ದೆ ಚೆನ್ನಾಗಿ ಬರುತ್ತದೆ ಎನ್ನುತ್ತಿದ್ದ. ಒಮ್ಮೆ ಮಾತ್ರ, 2002ರಲ್ಲಿ, ರೈತರಿಗೆ ನೆರವಾಗುವ ಯಂತ್ರವೊಂದನ್ನು, ಹುಲ್ಲು ಕತ್ತರಿಸುವ ಯಂತ್ರದಂಥದನ್ನು, ಮಾಡಿದ್ದರೆ ಲೇಸಾಗಿತ್ತು ಎಂದ. ಹೊಲ ಕಳೆದುಕೊಂಡ ರೈತನ ಮಗನಲ್ಲವೆ!

ಚೆನ್ನಾಗಿ ಬರುತ್ತಿದ್ದ ಆ ನಿದ್ದೆ ಕೊನೆಯವರೆಗೆ ಉಳಿಯಲಿಲ್ಲ. ಬಾಳಿನ ಕೊನೆಯ ವರ್ಷಗಳಲ್ಲಿ, ತೊಂಬತ್ತು ದಾಟಿದ ಮುಪ್ಪಿನಲ್ಲಿ, ಆತ ರಷ್ಯದ ಧರ್ಮಗುರು ಕಿರಿಲ್ ಅವರಿಗೆ ಒಂದು ಪತ್ರ ಬರೆದ. ನನ್ನ ಬಂದೂಕು ಜನರ ಪ್ರಾಣ ತೆಗೆದಿದ್ದರೆ, ಅವರು ಶತ್ರುಗಳೇ ಆಗಿರಲಿ, ಆ ಸಾವಿನ ಪಾಪ ನನ್ನದೂ ಆಗುವುದೆ ಎಂಬುದು ಅದರ ಸಾರ. ಪಿತೃಭೂಮಿಯ ರಕ್ಷಣೆಗೆ ಬಳಕೆಯಾಗುವ ಆಯುಧವನ್ನು ಧರ್ಮಪೀಠ ಬೆಂಬಲಿಸುತ್ತದೆಂಬ ಸಮಾಧಾನವೂ ಬಂದಿತು. 2013ರ ಡಿಸೆಂಬರ್ 23ರಂದು ಆತ ಇಝೆವ್ಸ್ಕಿನಲ್ಲಿ ತೀರಿಕೊಂಡ. ಪತ್ರ ಬೆಳಕು ಕಂಡದ್ದು ಆತನ ನಿಧನಾನಂತರ, 2014ರ ಜನವರಿಯಲ್ಲಿ.

ಆ ಪತ್ರದ ವಿಷಯ ಓದಿದ ದಿನ ನನಗೆ ನೆನಪಾದವನು ಅಶ್ವತ್ಥಾಮ. ವ್ಯಾಸರ ಆಶ್ರಮದ ಬಳಿ ಅವನೂ ಅರ್ಜುನನೂ ಎದುರಾಬದುರಾಗಿ ಮಹಾಸ್ತ್ರಗಳನ್ನು ಬಿಟ್ಟಾಗ, ಋಷಿಗಳು ನಡುವೆ ನಿಂತು ಹಿಂದೆಗೆಯಿರೆಂದರು. ಅರ್ಜುನ ಹಿಂದೆಗೆದ. ಅಶ್ವತ್ಥಾಮನಿಗೆ ಬಿಡುವುದು ತಿಳಿದಿತ್ತು, ಹಿಂತೆಗೆಯುವುದು ತಿಳಿದಿರಲಿಲ್ಲ. ಅಸ್ತ್ರ ಹೋಗಿ ಇನ್ನೂ ಹುಟ್ಟದ ಮಗುವಿನ ಮೇಲೆ ಬಿದ್ದಿತು. ಅಸ್ತ್ರವನ್ನು ಹಿಂತೆಗೆಯುವುದಕ್ಕೆ ನಮ್ಮ ಹಿರಿಯರು ಇಟ್ಟ ಹೆಸರು ‘ಉಪಸಂಹಾರ’. ಪ್ರಬಂಧದ ಕೊನೆಯ ಭಾಗಕ್ಕೂ ನಾವು ಅದೇ ಹೆಸರನ್ನು ಹೇಳುತ್ತೇವೆ.

ಕಲಾಶ್ನಿಕೋವನಲ್ಲಿ ಅಶ್ವತ್ಥಾಮನ ಹಗೆ ಇರಲಿಲ್ಲ. ಪಕ್ಕದ ಹಾಸಿಗೆಯ ಗಾಯಾಳುವಿನ ಮೇಲಿನ ಮರುಕದಿಂದ ಹುಟ್ಟಿದ ಬಂದೂಕು ಅದು. ಆದರೆ ಮರುಕದಿಂದ ಬಿಟ್ಟ ಅಸ್ತ್ರವನ್ನೂ ಮರಳಿ ಕರೆಯುವ ಮಂತ್ರ ಆತನ ಬಳಿ ಇರಲಿಲ್ಲ. ನನ್ನ ಈ ಭಾಷಣಕ್ಕೆ ಉಪಸಂಹಾರ ಇಲ್ಲಿದೆ. ಆತನ ಅಸ್ತ್ರಕ್ಕೆ ಇನ್ನೂ ದೊರೆತಿಲ್ಲ.