ಹೆಸರು ಕೊಲ್ಹಾಪುರಿ, ಕಸುಬು ಅಥಣಿಯದು

ಕೊಲ್ಹಾಪುರಿ ಚಪ್ಪಲಿಯೆಲ್ಲ ಕೊಲ್ಹಾಪುರದಲ್ಲೇ ತಯಾರಾಗುವುದಿಲ್ಲ. ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ಸೀಮೆಯ ಓಣಿಗಳಲ್ಲಿ, ಮದಭಾವಿಯಂಥ ಹಳ್ಳಿಗಳಲ್ಲಿ ತಲೆತಲಾಂತರದಿಂದ ಹೊಲಿದ ಚಪ್ಪಲಿ ಗಡಿಯಾಚೆಯ ಪೇಟೆ ಸೇರುತ್ತ ಬಂದಿದೆ. ನಿಪ್ಪಾಣಿಯಿಂದ ಕೊಲ್ಹಾಪುರಕ್ಕೆ ಸುಮಾರು 40 ಕಿ.ಮೀ. ಅಷ್ಟೇ. ಮಾಡಿದ ಊರಿನ ಹೆಸರು ಹಿಂದುಳಿದು, ಮಾರಿದ ಊರಿನ ಹೆಸರು ಸರಕಿಗೆ ಅಂಟಿತು. ಕೈಕೆಲಸವನ್ನೇ ನಂಬಿದ ಕಲಾವಿದ ಯಾರ ಹಂಗೂ ಇಲ್ಲದೆ ಬದುಕಬೇಕಾದರೆ ಕುಶಲತೆಯೊಂದೇ ಸಾಲದು, ಕಚ್ಚಾಮಾಲು, ಗಿರಾಕಿ, ಹೆಸರು ಮೂರೂ ಅವನ ಕೈಯಲ್ಲಿರಬೇಕು. ಚಪ್ಪಲಿ ಹೊಲಿಯುವವರ ಕೈಯಲ್ಲಿ ಬಹುಕಾಲ ಇವು ಮೂರೂ ಇರಲಿಲ್ಲ.

ಕುಶಲತೆಗಂತೂ ಬರವಿಲ್ಲ. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದಮಾಡಿದ ಎಮ್ಮೆಯ ತೊಗಲು ಅಟ್ಟೆಯಾಗುತ್ತದೆ. ಮೇಲಿನ ಪಟ್ಟಿಗೆ, ಹೆಣಿಗೆಗೆ ಆಡಿನ ಮೆದು ಚರ್ಮ ಬೇಕು. ಅಳತೆ ಹಿಡಿದು ಅಟ್ಟೆ ಕೊಯ್ಯುವುದು ಸಾಮಾನ್ಯವಾಗಿ ಗಂಡಸರ ಕೆಲಸ. ಎಳೆ ಎಳೆಯಾಗಿ ಸೀಳಿದ ಚರ್ಮವನ್ನು ಜಡೆಯಂತೆ ಹೆಣೆಯುವುದು, ಅಂಚಿಗೆ ಹೊಲಿಗೆ ಹಾಕುವುದು ಹೆಂಗಸರದು. ಅಪ್ಪಟ ಜೋಡಿಯಲ್ಲಿ ಒಂದು ಮೊಳೆಯೂ ಇರುವುದಿಲ್ಲ. ಅಟ್ಟೆಯ ಪದರಗಳನ್ನು ಬಿಗಿದು ಹಿಡಿಯುವುದು ಸಣ್ಣ ತೊಗಲ ಬಾರು. ಅದು ಸವೆದರೆ ಬಿಚ್ಚಿ ಮತ್ತೆ ಹೊಲಿಯಬಹುದು. ರೆಕ್ಸಿನ್ ನಕಲಿಗೆ ಈ ಎರಡನೆಯ ಆಯುಷ್ಯ ಇಲ್ಲ.

ತೊಡಕು ಇರುವುದು ಲೆಕ್ಕದಲ್ಲಿ. ವ್ಯಾಪಾರಿ ಚರ್ಮ ಕೊಡುತ್ತಾನೆ, ಮುಂಗಡ ಕೊಡುತ್ತಾನೆ, ಮಾಡಿದ ಸರಕನ್ನು ತಾನು ಹೇಳಿದ ದರಕ್ಕೆ ಒಯ್ಯುತ್ತಾನೆ. ಜೋಡಿಗಿಷ್ಟು ಎಂದು ಕೂಲಿ. ಮಳೆಗಾಲದಲ್ಲಿ ತೊಗಲು ಒಣಗುವುದಿಲ್ಲ, ಚಪ್ಪಲಿಯೂ ಓಡುವುದಿಲ್ಲ. ಆಗ ಮಾಡಿದ ಸಾಲ ತೀರುವವರೆಗೂ ಬೇರೆ ಗಿರಾಕಿಗೆ ಮಾರುವ ಮಾತೇ ಬರುವುದಿಲ್ಲ. ಇದು ದುಡಿಮೆಯಿರುವ ಬದುಕೇ ಹೊರತು ಸ್ವಂತ ಉದ್ಯೋಗವಲ್ಲ.

ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಒಂದು ಜೋಡಿಗೆ ಚರ್ಮ, ಬಾರು, ಬಣ್ಣ ಸೇರಿ 500 ರೂಪಾಯಿ. ಗಂಡ ಹೆಂಡತಿ ಇಬ್ಬರಿಗೂ ತಲಾ ಒಂದೂವರೆ ದಿನದ ಕೆಲಸ. ದಿನಕ್ಕೆ 400 ರೂಪಾಯಿ ಹಿಡಿದರೂ ಇಬ್ಬರ ಕೂಲಿ 1,200. ಅಲ್ಲಿಗೆ ಅಸಲೇ 1,700 ಆಯಿತು. ಅದನ್ನು 1,000ಕ್ಕೆ ಕೊಟ್ಟು ‘500 ಉಳಿಯಿತು’ ಎಂದುಕೊಂಡರೆ ಹೆಂಡತಿಯ ದುಡಿಮೆಯೆಲ್ಲ ಬಿಟ್ಟಿ, ಗಂಡನದ್ದೂ 100 ರೂಪಾಯಿಯಷ್ಟು ಬಿಟ್ಟಿ. ಮನೆಯವರ ಕೂಲಿಯನ್ನು ಖರ್ಚಿಗೆ ಸೇರಿಸದ ಚಟ ಚಿತ್ರಕಾರರಿಂದ ನೇಕಾರರವರೆಗೆ ಎಲ್ಲ ಕಸುಬುದಾರರಲ್ಲೂ ಇದೆ. ಸಾಹುಕಾರನ ಬಡ್ಡಿಗಿಂತ ಹೆಚ್ಚು ನಷ್ಟ ಮಾಡುವುದು ಇದೇ ಇರಬೇಕು.

ಈ ಬಿಟ್ಟಿ ದುಡಿಮೆಗೆ ಬೆಲೆ ಕಟ್ಟಿದ ಒಂದು ಪ್ರಯತ್ನ ಅಥಣಿಯಲ್ಲೇ ನಡೆಯಿತು. 1990ರ ದಶಕದ ಕೊನೆಯಲ್ಲಿ ಕೇಂದ್ರ ಸರ್ಕಾರ ಮತ್ತು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಚರ್ಮೋದ್ಯಮ ಯೋಜನೆಯ ನೆರವಿನಲ್ಲಿ, ಬೆಂಗಳೂರಿನ ಅಸೆಂಟ್ ಸಂಸ್ಥೆಯ ಮಧುರಾ ಛತ್ರಪತಿ ಅವರ ಮುಂದಾಳತ್ವದಲ್ಲಿ ‘ಟೋಹೋಲ್ಡ್’ ಎಂಬ ಕಸುಬುದಾರರ ಸಂಘಟನೆ ರೂಪುಗೊಂಡಿತು. ಅದರ ಬುಡ ಹೆಂಗಸರ ಸ್ವಸಹಾಯ ಗುಂಪುಗಳು. ಗುಂಪಾಗಿ ಚರ್ಮ ಕೊಳ್ಳುವುದು, ವಿನ್ಯಾಸ ಕಲಿಯುವುದು, ಒಂದೇ ಅಳತೆ ತಪ್ಪದೆ ಮಾಡುವುದು, ವಿದೇಶದ ಗಿರಾಕಿಗೆ ನೇರ ಕಳಿಸುವುದು ಹೀಗೆ ಸಾಧ್ಯವಾಯಿತು. ಹೆಣಿಗೆಯ ಹೆಂಗಸಿಗೆ ದುಡ್ಡು ಗಂಡನ ಕೈಯಿಂದ ಬರದೆ ಅವಳ ಹೆಸರಿಗೇ ಬರತೊಡಗಿತು.

ಅಳತೆಯ ಮಾತು ಸಣ್ಣದೆನಿಸಬಹುದು, ಅಲ್ಲ. ಸಂತೆಯಲ್ಲಿ ಗಿರಾಕಿ ಕಾಲಿಗೆ ಹಾಕಿ ನೋಡುತ್ತಾನೆ. ಮೊಬೈಲ್‌ನಲ್ಲಿ ಫೋಟೋ ನೋಡಿ ತರಿಸಿಕೊಂಡವನಿಗೆ ಬಿಗಿಯಾದರೆ ಮಾಲು ವಾಪಸ್ ಬರುತ್ತದೆ, ಎರಡೂ ಕಡೆಯ ಸಾಗಣೆ ಖರ್ಚು ತಯಾರಕನ ತಲೆಗೆ. ಪಾದವನ್ನು ಹಾಳೆಯ ಮೇಲೆ ಗೀಚಿ ಕಳಿಸಿ ಎಂದು ಮೊದಲೇ ಕೇಳಿದರೆ ಈ ನಷ್ಟ ತಪ್ಪುತ್ತದೆ. ಆ ಹಾಳೆಯನ್ನು ಜೋಪಾನವಾಗಿಟ್ಟರೆ ಮುಂದಿನ ಜೋಡಿಯೂ ಅದೇ ಮನೆಯದು. ಮಳೆಗಾಲಕ್ಕೆ ದುರಸ್ತಿ, ಬೆಲ್ಟು, ಚೀಲದ ಕೆಲಸ ಇಟ್ಟುಕೊಂಡವರಿಗೆ ಮುಂಗಡದ ಹಂಗು ಕಡಿಮೆ.

ಬಂಡವಾಳಕ್ಕೆ ಸರ್ಕಾರಿ ದಾರಿಗಳಿವೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಪಾದರಕ್ಷೆ ತಯಾರಿಕೆಯೂ ಸೇರಿದೆ. ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು, ಶೇ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಅದು ತೀರಿದ ಮೇಲೆ 2 ಲಕ್ಷ ಸಾಲ ಸಿಗುತ್ತದೆ. ರಾಜ್ಯದ ಚರ್ಮ ಕೈಗಾರಿಕೆಗಳ ನಿಗಮ ಲಿಡ್ಕರ್ ತನ್ನ ಮಳಿಗೆಗಳಲ್ಲಿ ಚರ್ಮದ ಸರಕು ಮಾರುತ್ತದೆ.

ಉಳಿದದ್ದು ಹೆಸರು. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಕದ ಮಾನ್ಯತೆ ಬಂದಾಗ ಅದು ಎರಡು ರಾಜ್ಯಗಳ ಎಂಟು ಜಿಲ್ಲೆಗೆ ಸಂದಿತು. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ; ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ನೋಂದಣಿ ಇರುವುದು ಮಹಾರಾಷ್ಟ್ರದ ಚರ್ಮೋದ್ಯಮ ನಿಗಮ ಲಿಡ್‌ಕಾಮ್ ಮತ್ತು ಕರ್ನಾಟಕದ ಲಿಡ್ಕರ್ ಹೆಸರಿನಲ್ಲಿ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನ ಪ್ರದರ್ಶನದಲ್ಲಿ ಇದೇ ಮಾದರಿಯನ್ನು ಮೂಲ ಹೇಳದೆ ತೊಡಿಸಿದಾಗ ದೊಡ್ಡ ಗಲಾಟೆಯಾಯಿತು. ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದವರ ಪಾಲನ್ನೂ ಮರೆಯಬಾರದೆಂದು ಸಚಿವ ಪ್ರಿಯಾಂಕ್ ಖರ್ಗೆ ಆಗ ನೆನಪಿಸಿದ್ದರು. ಕೊನೆಗೆ ಕಂಪನಿ ಮೂಲವನ್ನು ಒಪ್ಪಿಕೊಂಡಿತು. ಡಿಸೆಂಬರ್‌ನಲ್ಲಿ ಎರಡೂ ನಿಗಮಗಳ ಜೊತೆ ಒಪ್ಪಂದ ಮಾಡಿಕೊಂಡು, ಈ ಎರಡು ರಾಜ್ಯಗಳಲ್ಲೇ 2,000 ಜೋಡಿ ಮಾಡಿಸಿ ಸುಮಾರು 800 ಯೂರೋಗೆ ಮಾರುವುದಾಗಿ ಪ್ರಕಟಿಸಿತು.

ಈ ನಡುವೆ ಪ್ರಾಡಾ ವಿರುದ್ಧದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಬಾಂಬೆ ಹೈಕೋರ್ಟ್ ಜುಲೈನಲ್ಲೇ ವಜಾ ಮಾಡಿತ್ತು. ಅರ್ಜಿದಾರರು ಆ ಹೆಸರಿನ ನೋಂದಾಯಿತ ಒಡೆಯರಲ್ಲ ಎಂಬುದು ಅದಕ್ಕೆ ಮುಖ್ಯ ಕಾರಣ. ಜಿಲ್ಲೆಗೆ ಮಾನ್ಯತೆ ಸಿಕ್ಕ ಮಾತ್ರಕ್ಕೆ ಅಲ್ಲಿ ಹೊಲಿಯುವ ಪ್ರತಿಯೊಬ್ಬರಿಗೂ ಆ ಹೆಸರು ಬಳಸುವ ಹಕ್ಕು ತಾನಾಗಿ ಬರುವುದಿಲ್ಲ. ಭೌಗೋಳಿಕ ಸೂಚಕಗಳ ಕಾಯ್ದೆಯ ಪ್ರಕಾರ ತಯಾರಕರು ‘ಅಧಿಕೃತ ಬಳಕೆದಾರ’ರಾಗಿ ಬೇರೆಯಾಗಿ ಅರ್ಜಿ ಹಾಕಿ, ತಮ್ಮ ಹೆಸರು ನೋಂದಾಯಿಸಿಕೊಳ್ಳಬೇಕು.