ಹೆಸರಿಲ್ಲದೆ ಕಡತಗಳನ್ನು ಜೋಡಿಸುವ ಬಗೆ

ಔರಾದಿನಲ್ಲಿ ರೈತನೊಬ್ಬನಿರುವನೆನ್ನೋಣ. ಆತನ ಹೊಲದ ವಿವರ ಕಂದಾಯ ಇಲಾಖೆಯ ‘ಭೂಮಿ’ ಗಣಕದಲ್ಲಿದೆ. ಕ್ಷಯರೋಗದ ವಿವರ ಬೀದರಿನ ಆಸ್ಪತ್ರೆಯಲ್ಲಿದೆ. ಬಡತನಕ್ಕೂ ಕ್ಷಯಕ್ಕೂ ಇರುವ ನಂಟನ್ನು ಅಳೆಯಬೇಕಾದರೆ ಎರಡನ್ನೂ ಜೋಡಿಸಬೇಕು. ಆತನ ಗುಟ್ಟು ಮಾತ್ರ ರಟ್ಟಾಗಬಾರದು.

ಹೆಸರನ್ನು ನೆಚ್ಚುವಂತಿಲ್ಲ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಈ ಸೀಮೆಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ನುಡಿಗಳುಂಟು. ಭಾಲ್ಕಿಯ ಶಿವರಾಜಪ್ಪನು ಇನ್ನೊಂದು ಕಡತದಲ್ಲಿ ಶಿವರಾಜ್ ಆಗಿರಬಹುದು. ಸಂಖ್ಯೆಯೇ ಮೇಲು. ಇಲಾಖೆಗಳೆರಡೂ ಆತನ ಗುರುತುಸಂಖ್ಯೆಯನ್ನು ಒಂದೇ ರಹಸ್ಯ ಕೀಲಿಯಿಂದ ಅರ್ಥವಿಲ್ಲದ ಸಂಕೇತವಾಗಿ ಮಾರ್ಪಡಿಸಿದರೆ, ಎರಡೆಡೆಯೂ ಒಂದೇ ಸಂಕೇತ ದೊರೆಯುವುದು. ಸಂಶೋಧಕನಿಗೆ ಕಾಣುವುದು ಅದಷ್ಟೆ. ಕೀಲಿಯಿಲ್ಲದೆ ಅದರಿಂದ ಸಂಖ್ಯೆಯನ್ನು ಹೊರಗೆಡಹಲಾಗದು.

ಇಷ್ಟೂ ಸಾಲದು. ಚಿಕ್ಕ ಹಳ್ಳಿಯೊಂದರಲ್ಲಿ ಎರಡೆಕರೆಯ ಒಡತಿಯಾದ ಕ್ಷಯರೋಗಿ ವೃದ್ಧೆ ಒಬ್ಬಳೇ ಇದ್ದರೆ, ನೆರೆಯವರಿಗೆ ಹೆಸರೇಕೆ? ಅಂಥ ಸಣ್ಣ ಎಣಿಕೆಗಳನ್ನು ತಾಲ್ಲೂಕಿನ ಮೊತ್ತದಲ್ಲಿ ಸೇರಿಸಿಯೇ ಪ್ರಕಟಿಸಬೇಕು.