ಹದಿನಾರು ಬಣ್ಣದ ಚಿನ್ನ, ಹದಿನಾರಾಣೆಯ ರೂಪಾಯಿ

ಒಂದು, ಎರಡು, ಮೂರು ಬಣ್ಣದ ಚಿನ್ನ ಒಂದೊಂದು ಪಾಲು. ನಾಲ್ಕು ಬಣ್ಣದ್ದು 2 ಪಾಲು, ಐದರದು 4, ಹದಿನಾಲ್ಕರದು 7, ಹದಿನೈದರದು 8. ಎಲ್ಲವನ್ನೂ ಬೆಂಕಿಗಿಟ್ಟು ಕರಗಿಸಿ ಒಂದು ಮಾಡಿದರೆ ಆ ಗಟ್ಟಿಯ ಬಣ್ಣವೆಷ್ಟು?

ಸುಮಾರು 850ರಲ್ಲಿ ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಕೊಟ್ಟ ಲೆಕ್ಕ ಇದು. ಗ್ರಂಥ ಸಂಸ್ಕೃತದ್ದು, ನೆಲ ರಾಷ್ಟ್ರಕೂಟ ನೃಪತುಂಗನದು. ಅಪ್ಪಟ ಚಿನ್ನಕ್ಕೆ ಆಗ ಹದಿನಾರು ಬಣ್ಣ. ಒಂದೊಂದರ ಪಾಲನ್ನೂ ಅದರ ಬಣ್ಣದಿಂದ ಗುಣಿಸಿ ಕೂಡಿದರೆ 252. ಒಟ್ಟು ಪಾಲು 24. ಭಾಗಿಸಿದರೆ ಹತ್ತೂವರೆ ಬಣ್ಣ. ಇಂದಿನ ಮಾತಿನಲ್ಲಿ ಹದಿನೈದೂ ಮುಕ್ಕಾಲು ಕ್ಯಾರಟ್.

ಇದು ಅಕ್ಕಸಾಲಿಗನ ಮಗನಿಗೆ ಮಾತ್ರ ಬೇಕಾದ ಪಾಠವಾಗಿರಲಿಲ್ಲ. ನಾಣ್ಯವೇ ಲೋಹವಾಗಿದ್ದ ಕಾಲದಲ್ಲಿ ಹಣ ಎಣಿಸಬೇಕೆಂದರೆ ಲೋಹದ ಲೆಕ್ಕ ಬರಲೇಬೇಕು. ಶಾಸನಗಳಲ್ಲಿ ಬರುವ ‘ಲೊಕ್ಕಿ ಗದ್ಯಾಣ’ ಇಂದಿನ ಲಕ್ಕುಂಡಿಯ ಟಂಕಸಾಲೆಯದು. ಊರಿಗೊಂದು ಟಂಕ, ಟಂಕಕ್ಕೊಂದು ತೂಕ ಇದ್ದಲ್ಲಿ ವಿನಿಮಯ ದರವನ್ನು ಹೇಳುತ್ತಿದ್ದದ್ದು ತಕ್ಕಡಿ ಮತ್ತು ಒರೆಗಲ್ಲು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದ. ವ್ಯಾಪಾರದ ಲೆಕ್ಕ ನಮ್ಮ ಭಾಷೆಯ ಪಾಠವಾಗಿ ಎಂಟುನೂರು ವರ್ಷಕ್ಕೂ ಹೆಚ್ಚಾಯಿತೆಂಬುದು ನನಗೆ ದೊಡ್ಡ ಹೆಮ್ಮೆ.

ಆಮೇಲೆ ಕಂಪನಿಯ ರೂಪಾಯಿ ಬಂತು. 1835ರಿಂದ ಅದರ ತೂಕ ಒಂದು ತೊಲ, ಅಂದರೆ 11.66 ಗ್ರಾಂ, ಅದರಲ್ಲಿ ಹನ್ನೆರಡಕ್ಕೆ ಹನ್ನೊಂದು ಪಾಲು ಬೆಳ್ಳಿ. ಇಂದಿನ ಒಡವೆಯ ಮೇಲೆ ಕಾಣುವ 916 ಮುದ್ರೆಯದೂ ಇದೇ ಅನುಪಾತ! ಶಾಲೆಯಲ್ಲಿ ಮಕ್ಕಳು ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಎಂದು ಉರುಹೊಡೆದು, ಕಾಲು, ಅರೆ, ಮುಕ್ಕಾಲಿನ ಮಗ್ಗಿ ಒಪ್ಪಿಸುತ್ತಿದ್ದರು. 1957ರ ಏಪ್ರಿಲ್ 1ರಂದು ಆ ಮಗ್ಗಿಯ ಕಾಲ ಮುಗಿಯಿತು. ರೂಪಾಯಿಗೆ ನೂರು ನಯಾಪೈಸೆ. ನಾಲ್ಕಾಣೆ ಸಲೀಸಾಗಿ 25 ಆಯಿತು. ಒಂದಾಣೆ ಮಾತ್ರ ಆರೂಕಾಲು. ಕೋಷ್ಟಕದಲ್ಲಿ ಅದಕ್ಕೆ 6, ಎರಡಾಣೆಗೆ 12, ಮೂರಾಣೆಗೆ 19. ಮೂರು ಸಲ ಒಂದೊಂದಾಣೆ ಕೊಟ್ಟವನು 18 ಪೈಸೆ ತೆರುತ್ತಿದ್ದ, ಒಟ್ಟಿಗೆ ಮೂರಾಣೆ ಕೊಟ್ಟವನು 19.

ದಶಮಾಂಶ ಬಂದದ್ದು ಒಳ್ಳೆಯದೇ. ಆದರೆ ಹಣದ ಪಾಠದಿಂದ ಲೋಹ ಜಾರಿಹೋಯಿತು. ಡಾಲರನ್ನು ರೂಪಾಯಿಗೆ ತಿರುಗಿಸಲು ಮೊಬೈಲ್ ಇದೆ. ಮಿಶ್ರಣದ ಲೆಕ್ಕ ಹಾಲು–ನೀರಿಗೆ ಸೀಮಿತವಾಗಿದೆ. ಮನೆಮನೆಯಲ್ಲೂ ಚಿನ್ನ ಕೊಳ್ಳುವ ನಾಡಿನಲ್ಲಿ ಇದು ಸರಿಯಲ್ಲ.

ತರಗತಿಗೆ ಎರಡು ಹಳೆಯ ರೂಪಾಯಿ ತರಬಹುದು: 1918ರದೊಂದು, 1942ರದೊಂದು. ತೂಕ ಒಂದೇ. ಮೊದಲನೆಯದರಲ್ಲಿ ಬೆಳ್ಳಿ 10.69 ಗ್ರಾಂ, ಎರಡನೆಯದರಲ್ಲಿ 5.83. ಪತ್ರಿಕೆಯ ಚಿನಿವಾರ ಪೇಟೆ ನೋಡಿ ಮಕ್ಕಳೇ ಬೆಲೆ ಕಟ್ಟಲಿ. ಎರಡೂ ಒಂದೇ ರೂಪಾಯಿ ಆಗಿದ್ದು ಹೇಗೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಯುದ್ಧಕಾಲದಲ್ಲಿ ಬೆಳ್ಳಿಗೆ ಬಂದ ಅಭಾವವನ್ನೂ, 1947ರಲ್ಲಿ ರೂಪಾಯಿ ನಿಕ್ಕಲ್‌ಗೆ ಇಳಿದದ್ದನ್ನೂ ಮೇಷ್ಟ್ರು ಆಗ ಹೇಳಲಿ.